ಬಸ್ ನಿಲ್ಲಿಸುವ ಯಾರ್ಡ್ ಒಳಗೆ ಡಿಕ್ಕಿ, ಡ್ರೈವರ್ ಮೊಣಕಾಲು ಒಡೆದಿದೆ. ರಸ್ತೆ ಅಲ್ಲ ಅಂತ ಪರಿಹಾರ ಇಲ್ವಾ?

ಸರ್ಜಾಪುರ ರೋಡ್ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯವರು ಹನ್ನೊಂದು ವರ್ಷದಿಂದ ಬಸ್ ಓಡಿಸುತ್ತಾರೆ. ಮೊದಲು ಸ್ಕೂಲ್ ಬಸ್, ಈಗ ನಾಲ್ಕು ವರ್ಷದಿಂದ ಐಟಿ ಕಂಪನಿಯ ಸ್ಟಾಫ್ ಬಸ್. ಸಂಬಳ ಕೊಡುವುದು ಆ ಕಂಪನಿ ಅಲ್ಲ, ಬಸ್ ಬಿಡುವ ಟ್ರಾವೆಲ್ಸ್‌ನವರು. ರಾತ್ರಿ ಗಾಡಿಗಳೆಲ್ಲ ದೊಮ್ಮಸಂದ್ರದ ಹತ್ತಿರ ಬಾಡಿಗೆಗೆ ತಗೊಂಡಿರುವ ಒಂದು ಖಾಲಿ ಜಾಗದಲ್ಲಿ ನಿಲ್ಲುತ್ತವೆ. ಸುತ್ತ ತಗಡಿನ ಶೀಟು, ಒಂದೇ ಗೇಟು, ಒಳಗೆ ಬರೀ ಮಣ್ಣು, ಎರಡೇ ಎರಡು ಲೈಟು. ಮೂವತ್ತಕ್ಕಿಂತ ಜಾಸ್ತಿ ಬಸ್ಸು.

ಹೋದ ತಿಂಗಳು ಒಂದು ದಿನ ಬೆಳಗಿನ ಜಾವ ಐದು ಗಂಟೆಗೆ ಗಾಡಿ ಸ್ಟಾರ್ಟ್ ಮಾಡಿ, ಬ್ರೇಕಿಗೆ ಏರ್ ತುಂಬಲಿ ಅಂತ ಸೀಟಲ್ಲೇ ಕೂತು ಟ್ರಿಪ್ ಶೀಟ್ ಬರೆಯುತ್ತಿದ್ದರು. ಎದುರು ಸಾಲಿನ ಬಸ್ ರಿವರ್ಸ್ ಬಂತು. ಹಿಂದೆ ನಿಂತು ಹೇಳುವವರು ಯಾರೂ ಇರಲಿಲ್ಲ, ಆ ಗಾಡಿಯ ರಿವರ್ಸ್ ಹಾರ್ನ್ ಕೆಟ್ಟು ಎಷ್ಟೋ ದಿನ ಆಗಿತ್ತಂತೆ. ಇವರು ಹಾರ್ನ್ ಹೊಡೆದಿದ್ದಾರೆ, ಎಲ್ಲಾ ಗಾಡಿಗಳೂ ಸ್ಟಾರ್ಟ್ ಆಗಿದ್ದರಿಂದ ಆ ಗದ್ದಲದಲ್ಲಿ ಕೇಳಿಸಿಲ್ಲ. ಆ ಬಸ್ಸಿನ ಹಿಂದಿನ ಮೂಲೆ ನೇರವಾಗಿ ಇವರ ಮುಂದಿನ ಗ್ಲಾಸಿಗೆ ಬಂತು. ಸ್ಟೇರಿಂಗ್ ಎದುರಿಗಿದ್ದಾಗ ಎದ್ದು ಓಡುವುದು ಎಲ್ಲಿಗೆ? ಡ್ಯಾಶ್‌ಬೋರ್ಡ್ ಮಡಚಿಕೊಂಡು ಒಳಗೆ ಬಂದು ಎಡಗಾಲಿನ ಮೊಣಕಾಲು ಚಿಪ್ಪು ಎರಡು ಹೋಳಾಗಿದೆ. ಆಪರೇಷನ್ ಮಾಡಿ ತಂತಿ ಹಾಕಿ ಕಟ್ಟಿದ್ದಾರೆ. ಎದೆಗೂ ಸ್ಟೇರಿಂಗ್ ಒತ್ತಿದೆ, ಕೆಮ್ಮಿದರೆ ಈಗಲೂ ಕೈ ಅಡ್ಡ ಹಿಡಿಯುತ್ತಾರೆ.

ನನಗೆ ತಡೆಯಲಾಗದ ಸಂಗತಿ ಮುಂದಿನದು. ಸೂಪರ್‌ವೈಸರ್ ಕಾರಲ್ಲಿ ಆಸ್ಪತ್ರೆಗೆ ಸೇರಿಸಿದರು, ಅದಕ್ಕೆ ಋಣಿ. ಆದರೆ ಅಲ್ಲಿ 'ಬಾತ್‌ರೂಮಲ್ಲಿ ಜಾರಿ ಬಿದ್ದರು' ಅಂತ ಬರೆಸಿದ್ದಾರೆ. ನಾನು ಹೋಗುವಷ್ಟರಲ್ಲಿ ಚೀಟಿ ಆಗಿಹೋಗಿತ್ತು. ಈಗ 40,000 ಕೊಡುತ್ತೇವೆ, ಒಂದು ಕಾಗದಕ್ಕೆ ಸೈನ್ ಹಾಕಿ ಅನ್ನುತ್ತಿದ್ದಾರೆ. ಪೊಲೀಸ್ ಸ್ಟೇಷನ್‌ಗೆ ನನ್ನ ತಮ್ಮ ಹೋಗಿದ್ದ. 'ರಸ್ತೆ ಮೇಲೆ ಆಗಿಲ್ಲವಲ್ಲಪ್ಪ, ಪ್ರೈವೇಟ್ ಜಾಗ, ಆಕ್ಸಿಡೆಂಟ್ ಕೇಸ್ ಆಗಲ್ಲ' ಅಂದು ಕಳಿಸಿದರಂತೆ.

ರಸ್ತೆ ಮೇಲೆ ಆಗಿಲ್ಲ ಅಂದರೆ ಆಕ್ಸಿಡೆಂಟೇ ಅಲ್ವಾ? ಕಾಲು ಮಾತ್ರ ನಿಜವಾಗಿಯೂ ಒಡೆದಿದೆ. ಮಕ್ಕಳಿಬ್ಬರು ಓದುತ್ತಿದ್ದಾರೆ. ಗೊತ್ತಿರುವವರು ದಾರಿ ಹೇಳಿ.

ಹಳೇ ಸ್ಟೇರಿಂಗ್

ತಾಯಿ, ಮೊದಲು ಒಂದು ಮಾತು. ಆ ಕಾಗದಕ್ಕೆ ಸೈನ್ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ನಾನು 28 ವರ್ಷ ಬಸ್ ಓಡಿಸಿ ರಿಟೈರ್ ಆದವನು. ರಸ್ತೆಯಲ್ಲಿ ನನಗೆ ಒಂದು ದೊಡ್ಡ ಪೆಟ್ಟೂ ಆಗಿಲ್ಲ. ಬಲಗೈ ಮುರಿದಿದ್ದು ಗಾಡಿ ತೊಳೆಯುವ ಜಾಗದಲ್ಲಿ. ಎರಡು ಬಸ್ಸಿನ ನಡುವೆ ಒಬ್ಬ ಮನುಷ್ಯ ಓರೆಯಾಗಿ ಹೋಗುವಷ್ಟು ಜಾಗ ಇತ್ತು, ನಾನು ಡೋರ್ ಲಾಕ್ ನೋಡಲು ಹೋದೆ, ಪಕ್ಕದ ಗಾಡಿ ಕದಲಿತು. ವೇಗ ಅಂದರೆ ನಡೆಯುವ ವೇಗ. ಆದರೆ ಬಸ್ಸಿನ ತೂಕಕ್ಕೆ ನಡೆಯುವ ವೇಗವೇ ಸಾಕು. ಹೊರಗಿನವರಿಗೆ ಇದು ಅರ್ಥ ಆಗಲ್ಲ. 'ಐದು ಕಿಲೋಮೀಟರ್ ಸ್ಪೀಡಲ್ಲಿ ಏನಾಗುತ್ತೆ' ಅನ್ನುತ್ತಾರೆ.

ಬಸ್ ಡ್ರೈವರ್ ಕೂರುವ ಜಾಗ ನೋಡಿ. ಕಾರಲ್ಲಿ ಮುಂದೆ ಬಾನೆಟ್ ಇರುತ್ತೆ, ಪೆಟ್ಟು ಮೊದಲು ಅದಕ್ಕೆ ಬೀಳುತ್ತೆ. ಬಸ್ಸಲ್ಲಿ ಮೊಣಕಾಲಿಗೂ ಹೊರಗಿನ ಗಾಳಿಗೂ ನಡುವೆ ಒಂದು ತಗಡು, ಅದರ ಮೇಲೆ ಗ್ಲಾಸು, ಅಷ್ಟೇ. ಎದುರಿಂದ ಇನ್ನೊಂದು ಬಸ್ಸಿನ ಹಿಂಭಾಗ ಬಂದರೆ ಮೊದಲು ಹೋಗುವುದೇ ಕಾಲು. ನನ್ನ ಜೊತೆಯವರಲ್ಲಿ ಕಾಲಿಗೆ ಪೆಟ್ಟಾದ ಮೂವರಲ್ಲಿ ಇಬ್ಬರಿಗೆ ಆಗಿದ್ದು ಗೇಟಿನ ಒಳಗೆ.

ಬೆಳಗಿನ ಜಾವ ಯಾರ್ಡ್ ಅಂದರೆ ಯಾಕೆ ಅಪಾಯ ಅಂತಲೂ ಹೇಳುತ್ತೇನೆ. ಎಲ್ಲರಿಗೂ ಒಂದೇ ಸಮಯಕ್ಕೆ ಗಾಡಿ ಹೊರಗೆ ತೆಗೆಯಬೇಕು. ಕನ್ನಡಿ ಮೇಲೆ ಇಬ್ಬನಿ, ಒರೆಸಲು ಪುರುಸೊತ್ತಿಲ್ಲ. ರೂಟ್ ಬಸ್ಸಲ್ಲಾದರೆ ಕಂಡಕ್ಟರ್ ಹಿಂದೆ ಇಳಿದು ವಿಸಿಲ್ ಹೊಡೆಯುತ್ತಾನೆ, 'ಬರ್ಲಿ, ಬರ್ಲಿ, ಹೋಲ್ಡಾನ್' ಅಂತ ಬಸ್ಸಿನ ಮೈ ತಟ್ಟುತ್ತಾನೆ. ಸ್ಟಾಫ್ ಬಸ್ಸಲ್ಲಿ ಕಂಡಕ್ಟರ್ ಎಲ್ಲಿ? ಖರ್ಚು ಉಳಿಸಲು ಕ್ಲೀನರ್‌ನೂ ಇಡಲ್ಲ. ಒಬ್ಬನೇ ಡ್ರೈವರ್, ಕತ್ತಲೆ, ಹಿಂದೆ ಏನೂ ಕಾಣಲ್ಲ. ರಿವರ್ಸ್ ತೆಗೆದವನನ್ನು ಬೈಯುವ ಮೊದಲು ಹೀಗೆ ನಡೆಸುತ್ತಿರುವವರನ್ನು ಕೇಳಬೇಕು.

ನಿಮ್ಮ ಯಜಮಾನರಿಗೆ ಬೇಗ ಗುಣವಾಗಲಿ. ಎಡಗಾಲು ಅಂದರೆ ಕ್ಲಚ್ ಕಾಲು. ಸಿಟಿ ಟ್ರಾಫಿಕ್ಕಲ್ಲಿ ಆ ಕಾಲು ದಿನಕ್ಕೆ ಎಷ್ಟು ಸಾವಿರ ಸಲ ಏಳುತ್ತೆ, ಬೀಳುತ್ತೆ ಅಂತ ನಮಗೆ ಗೊತ್ತು. ಇದನ್ನು ಡಾಕ್ಟರಿಗೆ ಬಿಡಿಸಿ ಹೇಳಿ.

ಕಾರ್ಮಿಕ ಭವನದ ಮೆಟ್ಟಿಲು

ಅಕ್ಕ, ನಾನು ಕಾರ್ಮಿಕರ ಕೇಸುಗಳನ್ನು ನೋಡುವ ವಕೀಲರ ಆಫೀಸಲ್ಲಿ ಕೆಲಸ ಮಾಡುತ್ತೇನೆ. ಮೊದಲು ಒಂದು ಪ್ರಶ್ನೆ. ಅವರ ಸಂಬಳ ಎಷ್ಟು? ಸಂಬಳದ ಸ್ಲಿಪ್ಪಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಅಂತ ಏನಾದರೂ ಹಿಡಿದಿದ್ದಾರಾ? ಅದರ ಮೇಲೆ ದಾರಿ ಬೇರೆ ಬೇರೆ ಆಗುತ್ತೆ.

ಸರ್ಜಾಪುರ ರೋಡ್ ಅಕ್ಕ

ಸಂಬಳ 19,500. ಸ್ಲಿಪ್ ಈಗ ತೆಗೆದು ನೋಡಿದೆ. ಪಿಎಫ್ ಇದೆ, ಕೆಳಗೆ ಇಎಸ್‌ಐ 147 ಅಂತ ಇದೆ. ಕಾರ್ಡು ಅಂತ ಏನೂ ಕೊಟ್ಟಿಲ್ಲ. ನಾವು ಯಾವತ್ತೂ ಕೇಳಿಯೂ ಇಲ್ಲ.

ಕಾರ್ಮಿಕ ಭವನದ ಮೆಟ್ಟಿಲು

ಆ 147 ರೂಪಾಯಿ ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿ. ಸ್ಲಿಪ್ ಜೋಪಾನ ಮಾಡಿ, ಫೋಟೋ ತೆಗೆದು ತಮ್ಮನಿಗೂ ಕಳಿಸಿಡಿ.

ಇಎಸ್‌ಐಗೆ ಸಂಬಳದ ಮಿತಿ 21,000. ಅದರೊಳಗೆ ಇರುವವರ ಸಂಬಳದಿಂದ 0.75% ಹಿಡಿಯಬೇಕು, ಕೆಲಸ ಕೊಟ್ಟವರು 3.25% ಸೇರಿಸಿ ಕಟ್ಟಬೇಕು. 19,500ಕ್ಕೆ ಲೆಕ್ಕ ಹಾಕಿದರೆ 146 ಚಿಲ್ಲರೆ, ರೂಪಾಯಿಗೆ ಏರಿಸಿದರೆ 147. ಅಂದರೆ ಲೆಕ್ಕ ಸರಿಯಾಗಿಯೇ ಹಿಡಿದಿದ್ದಾರೆ. ಹಿಡಿದು ಕಟ್ಟಿಲ್ಲದಿದ್ದರೆ ಅದು ಅವರ ತಪ್ಪು. ಅದಕ್ಕಾಗಿ ನಿಮ್ಮ ಯಜಮಾನರ ಹಕ್ಕು ಹೋಗಲ್ಲ, ಇಎಸ್‌ಐನವರು ಅವರಿಂದ ವಸೂಲಿ ಮಾಡಿಕೊಳ್ಳುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ. ಇಎಸ್‌ಐನಲ್ಲಿ ಕೇಳುವುದು ಒಂದೇ: ಪೆಟ್ಟು ಕೆಲಸದ ವೇಳೆಯಲ್ಲಿ, ಕೆಲಸದ ಕಾರಣಕ್ಕೆ ಆಯ್ತಾ? ರಸ್ತೆಯಾ, ಯಾರ್ಡಾ, ಫ್ಯಾಕ್ಟರಿ ಶೆಡ್ಡಾ ಅಂತ ಕೇಳಲ್ಲ. ಯಾರ ತಪ್ಪು ಅಂತಲೂ ಕೇಳಲ್ಲ. ಡ್ಯೂಟಿಗೆ ಗಾಡಿ ತೆಗೆಯಲು ಕೂತವರಿಗೆ ಆಗಿದ್ದು ಕೆಲಸದ ಪೆಟ್ಟೇ.

'ಬಾತ್‌ರೂಮಲ್ಲಿ ಬಿದ್ದರು' ಅನ್ನುವ ಸುಳ್ಳು ಯಾಕೆ ದುಬಾರಿ ಅಂತ ನೋಡಿ. ಕೆಲಸದ ಪೆಟ್ಟು ಅಂತ ದಾಖಲಾದರೆ ಕೆಲಸಕ್ಕೆ ಹೋಗಲಾಗದ ದಿನಗಳಿಗೆಲ್ಲ ದಿನದ ಸಂಬಳದ 90% ಬರುತ್ತೆ, ನಿಮ್ಮ ಲೆಕ್ಕಕ್ಕೆ ತಿಂಗಳಿಗೆ ಹೆಚ್ಚುಕಡಿಮೆ 17,500. ಕಾಲು ಪೂರ್ತಿ ಸರಿಹೋಗದಿದ್ದರೆ ಮೆಡಿಕಲ್ ಬೋರ್ಡ್ ಎಷ್ಟು ನಷ್ಟ ಅಂತ ನಿಗದಿ ಮಾಡುತ್ತೆ, ಅದರ ಪ್ರಕಾರ ಜೀವನಪೂರ್ತಿ ತಿಂಗಳು ತಿಂಗಳು ಹಣ ಸಿಗುತ್ತೆ. ಅದೇ ಬಾತ್‌ರೂಮ್ ಅಂತ ಉಳಿದುಬಿಟ್ಟರೆ ಬರೀ ಕಾಯಿಲೆ ರಜೆಯ ಲೆಕ್ಕ: 70%, ಅದೂ ವರ್ಷಕ್ಕೆ 91 ದಿನಕ್ಕೆ ಮಾತ್ರ, ಆಮೇಲೆ ಕಾಲಿನ ನಷ್ಟಕ್ಕೆ ಏನೂ ಇಲ್ಲ. ಒಂದು ಸಾಲು ತಪ್ಪು ಬರೆಸಿದ್ದರಿಂದ ಇಷ್ಟು ವ್ಯತ್ಯಾಸ.

ಅದಕ್ಕೇ ಇವತ್ತು ನಾಳೆಯೊಳಗೆ ನಿಮ್ಮ ಯಜಮಾನರ ಕೈಯಲ್ಲೇ ಎರಡು ಪತ್ರ ಬರೆಸಿ. ಒಂದು ಟ್ರಾವೆಲ್ಸ್‌ನವರಿಗೆ: ದಿನ, ಸಮಯ, ಎರಡೂ ಗಾಡಿ ನಂಬರ್, ಹೇಗಾಯಿತು, ಯಾರಿದ್ದರು, ಇಎಸ್‌ಐಗೆ ಫಾರಂ 12ರಲ್ಲಿ ಅಪಘಾತದ ವರದಿ ಕಳಿಸಿ ಅಂತ. ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿ, ಇಮೇಲ್ ಅಥವಾ ವಾಟ್ಸ್ಆ್ಯಪ್‌ನಲ್ಲೂ ಹಾಕಿ. ಇನ್ನೊಂದು ಆಸ್ಪತ್ರೆಗೆ: ಸೇರಿಸಿದವರು ಹೇಳಿದ್ದು ತಪ್ಪು, ನಿಜವಾಗಿ ಆಗಿದ್ದು ಇದು, ದಾಖಲೆಗೆ ಸೇರಿಸಿ, ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಪೊಲೀಸರಿಗೆ ತಿಳಿಸಬೇಕಾದ ಗಾಯ ಅನ್ನುವ ದಾಖಲೆ) ಮಾಡಿ ಪೊಲೀಸರಿಗೆ ತಿಳಿಸಿ ಅಂತ. ಹಳೇ ಬರಹ ಅಳಿಸಲು ಕೇಳಬೇಡಿ, ಅವರು ಅಳಿಸಲೂಬಾರದು. ಸೇರಿಸಲು ಕೇಳಿ. ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ.

ಖಾಸಗಿ ಆಸ್ಪತ್ರೆಯ ಬಿಲ್ಲುಗಳ ಅಸಲನ್ನು ಯಾರಿಗೂ ಕೊಡಬೇಡಿ. ತುರ್ತಿನಲ್ಲಿ ಹೊರಗೆ ತೋರಿಸಿದ್ದರ ಹಣ ವಾಪಸ್ ಕೇಳಲು ಇಎಸ್‌ಐನಲ್ಲಿ ಅವಕಾಶ ಇದೆ.

ಮಾರತ್‌ಹಳ್ಳಿ 201

ಬೇಜಾರು ಮಾಡಿಕೊಳ್ಳಬೇಡಿ ಅಕ್ಕ, ನಾನು ಕಂಡಿದ್ದು ಹೇಳುತ್ತೇನೆ. ನನ್ನ ಭಾವ ಹೀಗೇ ಕೇಸ್ ಹಾಕಿ ಐದು ವರ್ಷ ಕೋರ್ಟು ಸುತ್ತಿದರು. ಕೆಲಸ ಹೋಯಿತು, ಬೇರೆ ಟ್ರಾವೆಲ್ಸ್‌ನವರೂ ಸೇರಿಸಿಕೊಳ್ಳಲಿಲ್ಲ. 40,000ನ 75,000 ಮಾಡಿಸಿಕೊಂಡು ಮುಗಿಸಿ. ಮನೆ ನಡೆಯುವುದು ಮುಖ್ಯ ಅಲ್ವಾ? ನಮ್ಮಂಥವರಿಗೆ ಕೋರ್ಟ್ ಆಗಿಬರಲ್ಲ.

ಹಳೇ ಸ್ಟೇರಿಂಗ್

ತಮ್ಮಾ, ನಿನ್ನ ಭಾವ ಪಟ್ಟ ಕಷ್ಟ ಸುಳ್ಳಲ್ಲ. ಆದರೆ ಇವರು ಈಗಲೇ ಕೋರ್ಟಿಗೆ ಹೋಗಬೇಕಿಲ್ಲ, ಇಎಸ್‌ಐ ಆಫೀಸಿಗೆ ಹೋದರೆ ಸಾಕು ಅಂತ ಮೇಲೆ ಬರೆದಿದ್ದಾರೆ. 75,000 ಅಂದರೆ ಇವರ ನಾಲ್ಕು ತಿಂಗಳ ಸಂಬಳವೂ ಆಗಲ್ಲ. ಚಿಪ್ಪು ಒಡೆದ ಕಾಲಲ್ಲಿ ಐದನೇ ತಿಂಗಳು ಕ್ಲಚ್ ತುಳಿಯುತ್ತಾರೆ ಅಂತ ಯಾರು ಬರೆದುಕೊಡುತ್ತಾರೆ? ಹೆವಿ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಲು ಹೋದಾಗ ಡಾಕ್ಟರ್ ಸರ್ಟಿಫಿಕೇಟ್ ಕೇಳುತ್ತಾರೆ. ಆವತ್ತು ಆ ಕಾಗದ ಬರೆಸಿಕೊಂಡವರು ಜೊತೆಗೆ ಬರಲ್ಲ.

ಸರ್ಜಾಪುರ ರೋಡ್ ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿ ಓದಿ ಅಳು ಬಂತು, ಧೈರ್ಯವೂ ಬಂತು.

ಒಂದು ತೊಡಕಿದೆ. ರಿವರ್ಸ್ ತೆಗೆದ ಡ್ರೈವರ್ ನಮಗೆ ಬೇರೆಯವನಲ್ಲ. ಮಂಡ್ಯ ಕಡೆಯ ಹುಡುಗ, ಹಬ್ಬಕ್ಕೆ ನಮ್ಮ ಮನೆಯಲ್ಲೇ ಊಟ. ಆಸ್ಪತ್ರೆಯಲ್ಲಿ ಇವರ ಕಾಲಿನ ಹತ್ತಿರ ಕೂತು ಎದ್ದೇಳಲೇ ಇಲ್ಲ. ಇವರು 'ಅವನ ಮೇಲೆ ಕೇಸ್ ಬೇಡ, ಅವನ ಹೆಂಡತಿ ಬಸುರಿ' ಅನ್ನುತ್ತಾರೆ. ಅದಕ್ಕೇ ಪೊಲೀಸ್ ವಿಷಯ ಬಿಟ್ಟುಬಿಡೋಣ ಅಂತಿದ್ದಾರೆ. ಬಿಟ್ಟರೆ ತೊಂದರೆ ಇದೆಯಾ?

ಕಾರ್ಮಿಕ ಭವನದ ಮೆಟ್ಟಿಲು

ನಿಮ್ಮ ಯಜಮಾನರ ಮನಸ್ಸು ದೊಡ್ಡದು. ಇದನ್ನು ಎರಡು ಭಾಗ ಮಾಡಿ ನೋಡಿ.

ಇಎಸ್‌ಐ ಹಣಕ್ಕೆ ಆ ಹುಡುಗನ ತಪ್ಪು ಅಂತ ತೋರಿಸುವ ಅಗತ್ಯವೇ ಇಲ್ಲ. ಪತ್ರದಲ್ಲಿ 'ಇಂಥ ನಂಬರ್ ಬಸ್ ರಿವರ್ಸ್ ಬರುವಾಗ ಡಿಕ್ಕಿಯಾಯಿತು, ಹಿಂದೆ ನೋಡುವವರನ್ನು ನೇಮಿಸಿರಲಿಲ್ಲ, ರಿವರ್ಸ್ ಹಾರ್ನ್ ಕೆಟ್ಟಿತ್ತು' ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು.

ಪೊಲೀಸರು 'ರಸ್ತೆ ಅಲ್ಲ' ಅಂದಿದ್ದು ಅರ್ಧ ಸರಿ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್, ಅಂದರೆ ಅಡ್ಡಾದಿಡ್ಡಿ ಗಾಡಿ ಓಡಿಸಿದ್ದಕ್ಕೆ ಹಾಕುವುದು, ಸಾರ್ವಜನಿಕ ದಾರಿಗೆ ಮಾತ್ರ ಅನ್ವಯ. ಆದರೆ 125ನೇ ಸೆಕ್ಷನ್‌ಗೆ ಆ ಮಿತಿ ಇಲ್ಲ. ನಿರ್ಲಕ್ಷ್ಯದಿಂದ ಇನ್ನೊಬ್ಬರಿಗೆ ಪೆಟ್ಟಾದರೆ ಜಾಗ ಎಲ್ಲಿದ್ದರೂ ಹಾಕಬಹುದು, ಮೂಳೆ ಮುರಿದಿದ್ದರೆ ಅದು ಗಂಭೀರ ಗಾಯದ ಲೆಕ್ಕ. ಹಾಗಾಗಿ ಪ್ರೈವೇಟ್ ಜಾಗ ಅಂತ ದೂರನ್ನೇ ತಗೊಳ್ಳದೆ ಕಳಿಸುವುದು ತಪ್ಪು. ಆದರೆ ನಿಜ ಹೇಳಬೇಕು, ಎಫ್‌ಐಆರ್ ಆದರೆ ಗಾಡಿ ಓಡಿಸಿದವನ ಹೆಸರು ಬಂದೇ ಬರುತ್ತೆ. ಯೋಚಿಸಿ, ಅವನ ಜೊತೆಗೂ ಕೂತು ಮಾತಾಡಿ. ನಿಜ ಹೇಳಿ ಸಾಕ್ಷಿಗೆ ನಿಲ್ಲುತ್ತೇನೆ ಅಂದರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಎಂವಿಸಿ ಕೇಸಿನ, ಅಂದರೆ ಗಾಡಿ ಅಪಘಾತಕ್ಕೆ ಪರಿಹಾರ ಕೇಳುವ ಕೇಸಿನ ಬಗ್ಗೆಯೂ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ, ಅದಕ್ಕೆ ಮೊದಲೇ ತಿಳಿದಿರಲಿ. ಮೋಟಾರು ವಾಹನ ಕಾಯಿದೆಯಲ್ಲಿ ವಿಮೆ ಕಡ್ಡಾಯ ಇರುವುದು 'ಸಾರ್ವಜನಿಕ ಸ್ಥಳ'ದಲ್ಲಿ ಗಾಡಿ ಓಡಿಸಲು. ಅದರ ಅರ್ಥ ಬರೀ ರಸ್ತೆ ಅಲ್ಲ. ಜನರಿಗೆ ಬಂದು ಹೋಗುವ ಹಕ್ಕಿರುವ ಯಾವುದೇ ಜಾಗ, ಪ್ಯಾಸೆಂಜರ್ ಹತ್ತಿಸಿ ಇಳಿಸುವ ಸ್ಟ್ಯಾಂಡೂ ಸೇರುತ್ತೆ ಅಂತ 1988ರ ಕಾಯಿದೆಯಲ್ಲೇ ಇದೆ. ಹಾಗಾಗಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಒಳಗಾದರೆ ತಕರಾರೇ ಇಲ್ಲ. ಬೇಲಿ ಹಾಕಿದ ಯಾರ್ಡ್ ಅಂದಾಗ ವಿಮಾ ಕಂಪನಿಯವರು ಜಗಳ ತೆಗೆಯುತ್ತಾರೆ. ಅನುಮತಿ ಪಡೆದು ಜನ ಬರುವ ಖಾಸಗಿ ಜಾಗವೂ ಸೇರುತ್ತೆ ಅಂತ ಹೈಕೋರ್ಟುಗಳ ತೀರ್ಪುಗಳಿವೆ.

ಆದರೆ ನಿಮಗೆ ಅದಕ್ಕಿಂತ ದೊಡ್ಡ ಅಡ್ಡಿ ಬೇರೆ ಇದೆ. ಇಎಸ್‌ಐ ವ್ಯಾಪ್ತಿಯಲ್ಲಿರುವವರು ಕೆಲಸದ ಪೆಟ್ಟಿಗೆ ಬೇರೆ ಕಾನೂನಿನ ಕೆಳಗೆ ಪರಿಹಾರ ಕೇಳಲು ಇಎಸ್‌ಐ ಕಾನೂನಲ್ಲೇ ತಡೆ ಇದೆ. 'ಲಕ್ಷಗಟ್ಟಲೆ ಕೊಡಿಸುತ್ತೇನೆ' ಅಂತ ಆಸ್ಪತ್ರೆ ಬಾಗಿಲಲ್ಲೇ ವಕಾಲತ್ತಿಗೆ ಸೈನ್ ಕೇಳುವವರಿಗೆ ಮೊದಲು ಇದನ್ನೇ ಕೇಳಿ. ಹಾಕುವುದೇ ಆದರೆ ಅಪಘಾತ ಆದ ಆರು ತಿಂಗಳೊಳಗೆ ಹಾಕಬೇಕು, ಆ ತಾರೀಕು ಕ್ಯಾಲೆಂಡರಲ್ಲಿ ಗುರುತು ಮಾಡಿಡಿ.

ಇಎಸ್‌ಐ ಇಲ್ಲದ ಡ್ರೈವರ್‌ಗಳು ಇದನ್ನು ಓದುತ್ತಿದ್ದರೆ: ನಿಮಗೂ ದಾರಿ ಇದೆ, ಅದು ನೌಕರರ ಪರಿಹಾರ. ಅಲ್ಲೂ ರಸ್ತೆ, ಯಾರ್ಡ್ ಅನ್ನುವ ಭೇದ ಇಲ್ಲ, ಪರಿಹಾರ ಕೊಡಬೇಕಾದವರು ಕೆಲಸ ಕೊಟ್ಟವರು. 1975ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಬಡಗಿಯ ಕೇಸಲ್ಲಿ, ಎಡಗೈ ಮೊಣಕೈಯಿಂದ ಮೇಲೆ ಹೋದ ಮೇಲೆ ಅವನು ಬಡಗಿ ಕೆಲಸ ಮಾಡಲಾರ, ಹಾಗಾಗಿ ನಷ್ಟ ಪೂರ್ತಿ ಅಂತ ಹೇಳಿತ್ತು. ಡ್ರೈವರ್ ಕಾಲಿಗೂ ಆ ಮಾತು ಮುಖ್ಯ. ಹಿಂದೆ ನೌಕರರ ಪರಿಹಾರದ್ದು 1923ರ ಕಾಯಿದೆ, ಇಎಸ್‌ಐ 1948ರದ್ದು. ಈಗ ಎರಡೂ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿವೆ, ಅದು ಜಾರಿಯಾಗಿದ್ದು 2025ರ ನವೆಂಬರ್ 21ರಂದು. ಸೆಕ್ಷನ್ ನಂಬರ್ ಬೇರೆ ಕೇಳಿಸಿದರೆ ಗಾಬರಿ ಆಗಬೇಡಿ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ.

ಟ್ರಾನ್ಸ್‌ಪೋರ್ಟ್ ಡೆಸ್ಕ್

ನಾನು ಇನ್ನೊಂದು ಕಡೆ ಸ್ಟಾಫ್ ಬಸ್‌ಗಳ ಉಸ್ತುವಾರಿ ನೋಡುತ್ತೇನೆ. ಒಂದು ಮಾತು ಸೇರಿಸಬೇಕು, ಇದು ತುಂಬಾ ಅರ್ಜೆಂಟು. ಯಾರ್ಡಲ್ಲಿ ಕ್ಯಾಮೆರಾ ಇದ್ದರೆ ರೆಕಾರ್ಡಿಂಗ್ ತುಂಬಾ ದಿನ ಉಳಿಯಲ್ಲ, ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತೆ. ಆ ದಿನದ ದೃಶ್ಯ ಉಳಿಸಿ ಅಂತ ಇವತ್ತೇ ಬರೆದು ಕೊಡಿ. ಕ್ಯಾಮೆರಾ ಹೋದರೂ ಜಿಪಿಎಸ್ ಇರುತ್ತೆ. ಎರಡೂ ಬಸ್ ಆ ಹೊತ್ತಲ್ಲಿ ಅಲ್ಲೇ ಇದ್ದವು ಅಂತ ಅದರಲ್ಲಿ ಸಿಗುತ್ತೆ. ಗೇಟಿನ ಸೆಕ್ಯುರಿಟಿ ಪುಸ್ತಕದಲ್ಲಿ ಇವರು ಒಳಗೆ ಬಂದ ಸಮಯ ಇರುತ್ತೆ. ಆವತ್ತು ಆ ರೂಟಿಗೆ ಬೇರೆ ಗಾಡಿ ಹೋಗಿರಬೇಕಲ್ಲ, ಯಾಕೆ ಬದಲಾಯಿತು ಅಂತ ಐಟಿ ಕಂಪನಿಯ ಟ್ರಾನ್ಸ್‌ಪೋರ್ಟ್ ವಿಭಾಗಕ್ಕೆ ಮೆಸೇಜ್ ಹೋಗಿರುತ್ತೆ. ಅವರಿಗೂ ಒಂದು ಪತ್ರ ಹಾಕಿ, ಟ್ರಾವೆಲ್ಸ್‌ನವರು ಮುಚ್ಚಿಡುವುದು ಅಲ್ಲಿಗೆ ನಿಲ್ಲುತ್ತೆ.

ನಮ್ಮಲ್ಲಿ ಹೀಗೇ ಒಂದು ಆದ ಮೇಲೆ ಗಾಡಿಗಳನ್ನು ರಾತ್ರಿಯೇ ಹಿಂದಕ್ಕೆ ಹಾಕಿ, ಮುಖ ಗೇಟಿನ ಕಡೆ ಮಾಡಿ ನಿಲ್ಲಿಸುವ ಪದ್ಧತಿ ತಂದೆವು. ಬೆಳಿಗ್ಗೆ ಯಾರೂ ರಿವರ್ಸ್ ತೆಗೆಯುವ ಹಾಗಿಲ್ಲ. ರಾತ್ರಿ ಹಾಕುವಾಗ ಟಾರ್ಚ್ ಹಿಡಿದು ಒಬ್ಬ ಹಿಂದೆ ನಿಲ್ಲುತ್ತಾನೆ. ಖರ್ಚು ಅಂದರೆ ಒಬ್ಬನ ಸಂಬಳ. ಇದನ್ನು ಪೆಟ್ಟಾಗುವ ಮೊದಲೇ ಮಾಡಬೇಕಿತ್ತು ಅಂತ ನನಗೆ ಇವತ್ತಿಗೂ ಕೊರಗಿದೆ.

ಸರ್ಜಾಪುರ ರೋಡ್ ಅಕ್ಕ

ಹತ್ತು ದಿನ ಆಯಿತು, ಏನಾಯಿತು ಅಂತ ಬರೆಯುತ್ತಿದ್ದೇನೆ.

ಎರಡೂ ಪತ್ರ ಕೊಟ್ಟೆವು. ಆಸ್ಪತ್ರೆಯಲ್ಲಿ ಮೊದಲು ಆಗಲ್ಲ ಅಂದರು, ಇವರು ವೀಲ್‌ಚೇರಲ್ಲಿ ಕೂತೇ ಡಾಕ್ಟರ್ ಎದುರು ಹೇಳಿದ ಮೇಲೆ ಸೇರಿಸಿ ಬರೆದುಕೊಂಡರು. ಸೀಲ್ ಹಾಕಿಸಿಕೊಂಡೆ. ಕ್ಯಾಮೆರಾ ಕೆಟ್ಟಿತ್ತು ಅಂತ ಟ್ರಾವೆಲ್ಸ್‌ನವರ ಉತ್ತರ ಬಂದಿದೆ. ಆದರೆ ಗೇಟ್ ಪುಸ್ತಕದ ಆ ಪುಟದ ಫೋಟೋವನ್ನು ಸೆಕ್ಯುರಿಟಿ ಅಣ್ಣ ತಾವಾಗಿಯೇ ಕಳಿಸಿದರು, 4:52ಕ್ಕೆ ಇವರ ಸೈನ್ ಇದೆ. ಐಟಿ ಕಂಪನಿಗೆ ಪತ್ರ ಹೋದ ಮೂರನೇ ದಿನಕ್ಕೆ ಸೂಪರ್‌ವೈಸರ್ ಫೋನ್ ಮಾಡಿ ಫಾರಂ 12 ಹಾಕಿದ್ದೇವೆ ಅಂದರು. ಬಾಯಿ ಮಾತು ಸಾಲದು ಅಂತ ನಕಲು ಕೇಳಿದೆ, ನಿನ್ನೆ ಬಂತು. ಅದರಲ್ಲಿ 'ಯಾರ್ಡಿನಲ್ಲಿ ವಾಹನ ಡಿಕ್ಕಿ' ಅಂತಲೇ ಇದೆ. ಇಎಸ್‌ಐ ನಂಬರೂ ಸಿಕ್ಕಿತು, ನಾಲ್ಕು ವರ್ಷದಿಂದ ಇತ್ತಂತೆ.

ಆ ಹುಡುಗ ಇವರ ಪತ್ರಕ್ಕೆ ಸಾಕ್ಷಿ ಅಂತ ಸೈನ್ ಹಾಕಿದ್ದಾನೆ. ನಾವು ಕೇಳಿರಲಿಲ್ಲ. ಪೊಲೀಸ್ ವಿಷಯ ಇನ್ನೂ ತೀರ್ಮಾನ ಮಾಡಿಲ್ಲ. ಸೋಮವಾರ ಇಎಸ್‌ಐ ಆಸ್ಪತ್ರೆಗೆ ತೋರಿಸಲು ಹೋಗುತ್ತೇವೆ. ಇವರಿಗೆ ಕಾಲು ಮಡಚಲು ಆಗಲ್ಲ, ಆಟೋದಲ್ಲಿ ಕೂರಲಾಗಲ್ಲ. ಅದಕ್ಕೆ ಅವನೇ ಒಂದು ವ್ಯಾನ್ ಹೇಳಿದ್ದಾನೆ.

ಹಳೇ ಸ್ಟೇರಿಂಗ್

ಹೋಗುವಾಗ ಹಳೇ ಎಕ್ಸ್‌ರೇಗಳನ್ನೆಲ್ಲ ತಗೊಂಡು ಹೋಗಿ ತಾಯಿ. ಕಾಲಿನ ಕೆಳಗೆ ಇಡಲು ಎರಡು ದಿಂಬು ಇರಲಿ, ಆ ರೋಡಲ್ಲಿ ಹಳ್ಳ ಜಾಸ್ತಿ.